ನಲವತ್ತು ತಿರುವುಗಳಾಚೆಯ ಕೆಂಪು ದೀಪ

ಮೈಸೂರಿನಿಂದ ವಾಲ್ಪಾರೈಗೆ ಹೊರಟವರಿಗೆ ತಿರುವು ಎಣಿಸುವ ಚಟ ಚಾಮರಾಜನಗರ ದಾಟುತ್ತಲೇ ಅಂಟಿಕೊಳ್ಳುತ್ತದೆ. ಪುಣಜನೂರು, ಹಾಸನೂರು ಕಳೆದು ದಿಂಬಂ ಘಾಟಿ ಇಳಿಯುವಾಗ ಸಿಗುವ ಹೇರ್‌ಪಿನ್ ತಿರುವುಗಳು 27. ಎರಡೂ ಬದಿಗೆ ಸತ್ಯಮಂಗಲದ ಹುಲಿ ಮೀಸಲು ಕಾಡು. ಕಬ್ಬಿನ ಲಾರಿ ಬರುವ ಹೊತ್ತಿಗೆ ರಸ್ತೆಗೇ ಬಂದು ಕಾದು ನಿಲ್ಲುವ ಆನೆಗಳನ್ನು ಇಲ್ಲಿ ಓಡಾಡುವ ಡ್ರೈವರುಗಳೆಲ್ಲ ಕಂಡಿದ್ದಾರೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ಈ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2009ರಿಂದ ರಾತ್ರಿ ಗೇಟು ಹಾಕುವ ಬಂಡೀಪುರದ ರಸ್ತೆಯನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣದು. ಕತ್ತಲಾದ ಮೇಲೆ ದಾರಿಯನ್ನು ಪ್ರಾಣಿಗಳಿಗೆ ಬಿಟ್ಟುಕೊಡುವುದು ಒಂದು ಉಪಾಯ.

ಬಿಟ್ಟುಕೊಡಲಾಗದ ಜಾಗದಲ್ಲಿ ಏನು ಮಾಡುವುದು? ಕಾಡಿನ ನಟ್ಟನಡುವೆ ಎಪ್ಪತ್ತು ಸಾವಿರ ಜನರ ಊರಿದ್ದರೆ, ಅಲ್ಲಿ ಸಂಜೆ ಕೆಲಸ ಮುಗಿಸಿ ಬಸ್ಸಿಳಿದು ಮನೆಗೆ ನಡೆಯುವವರಿದ್ದರೆ, ಯಾವ ಗೇಟು ಹಾಕಿ ಯಾರನ್ನು ತಡೆಯುವುದು? ವಾಲ್ಪಾರೈ ಅಂಥ ಊರು. ಅದನ್ನು ನೋಡಬೇಕೆಂದರೆ ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿ ಹಾಯ್ದು ಆಳಿಯಾರ್ ಅಣೆಕಟ್ಟಿನ ಬುಡಕ್ಕೆ ಹೋಗಬೇಕು. ಅಲ್ಲಿಂದ ಮೇಲಕ್ಕೆ ಮತ್ತೆ ತಿರುವುಗಳ ಎಣಿಕೆ. ಈ ಸಲ 40.

ಒಂದೊಂದು ತಿರುವಿಗೂ ಸಂಖ್ಯೆ ಬರೆದ ಫಲಕವಿದೆ. ಒಂಬತ್ತನೆಯದರ ಹತ್ತಿರ ಲೋಮ್ಸ್ ವ್ಯೂ ಎಂಬ ಜಾಗ. ಕೆಳಗೆ ಆಳಿಯಾರಿನ ನೀರು ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ಮೇಲಿನ ಬಂಡೆಗಳಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆಗಳು, ತಮಿಳರ ವರೈಯಾಡು, ಬೀಳುವ ಭಯವೇ ಇಲ್ಲದೆ ಮೇಯುತ್ತಿರುತ್ತವೆ. ತಮಿಳುನಾಡಿನ ರಾಜ್ಯಪ್ರಾಣಿ ಇದೇ. ಹದಿನೈದು ಇಪ್ಪತ್ತು ತಿರುವು ಕಳೆಯುವಷ್ಟರಲ್ಲಿ ಬಯಲಿನ ಸೆಖೆ ಕಿಟಕಿಯಿಂದ ಜಾರಿಹೋಗಿ ತಂಪು ಗಾಳಿ ನುಗ್ಗುತ್ತದೆ. ಆಮೇಲೆ ಮಂಜು, ಮಂಜು ಸರಿದರೆ ಹಸಿರು. ದಿಣ್ಣೆಯಿಂದ ದಿಣ್ಣೆಗೆ ಹರಡಿ, ಕತ್ತರಿ ಹಾಕಿದಷ್ಟು ಸಮನಾಗಿ ನಿಂತ ಹಸಿರು.

ಮೊದಲ ಸಲ ನೋಡಿದವರ ಬಾಯಲ್ಲಿ "ಎಂಥ ಕಾಡು!" ಎಂಬ ಉದ್ಗಾರ ಬರುವುದು ಇಲ್ಲೇ. ಆದರೆ ಅದು ಕಾಡಲ್ಲ, ಟೀ ತೋಟ. ಕಾಡಿದ್ದದ್ದು ನೂರಮೂವತ್ತು ವರ್ಷದ ಹಿಂದೆ. 1890ರ ದಶಕದಲ್ಲಿ ಕಾರ್ವರ್ ಮಾರ್ಷ್ ಮೊದಲಾದ ಬ್ರಿಟಿಷ್ ಪ್ಲಾಂಟರುಗಳು ಆನಮಲೆಯ ಈ ಪ್ರಸ್ಥಭೂಮಿಗೆ ಕೊಡಲಿ ಹಾಕಿದರು. ಕಾಫಿ ಬಂತು, ಟೀ ಬಂತು, ಜತೆಗೆ ಏಲಕ್ಕಿ. ಮಲೇರಿಯಾ ಕಾಡುತ್ತಿದ್ದ ಬೆಟ್ಟಕ್ಕೆ ಬಯಲುಸೀಮೆಯಿಂದ ಕೂಲಿಗಳನ್ನು ಕರೆತಂದರು. ನಾಲ್ಕೈದು ದಶಕಗಳಲ್ಲಿ ಸುಮಾರು 220 ಚದರ ಕಿಲೋಮೀಟರ್ ಮಳೆಕಾಡು ಬಹುಪಾಲು ನೆಲಸಮವಾಯಿತು. ಮಾರ್ಷ್‌ನ ಪ್ರತಿಮೆ ಈಗಲೂ ರಸ್ತೆಬದಿಯಲ್ಲಿ ನಿಂತಿದೆ. ಕಡಿದವನಿಗೆ ಪ್ರತಿಮೆಯಾಯಿತು, ಕಡಿಸಿಕೊಂಡ ಮರಗಳ ಹೆಸರು ಕಾಡರ್ ಬುಡಕಟ್ಟಿನ ಹಿರಿಯರ ನೆನಪಿನಲ್ಲಿ ಉಳಿಯಿತು.

ಎಲ್ಲವನ್ನೂ ಕಡಿಯಲಿಲ್ಲ ಎಂಬುದೇ ಈ ಪ್ರವಾಸದ ಮುಖ್ಯ ಸಂಗತಿ. ಕಡಿದಾದ ಇಳಿಜಾರು, ಹೊಳೆಯಂಚು, ಏಲಕ್ಕಿಗೆ ನೆರಳು ಬೇಕೆಂದು ಬಿಟ್ಟ ಮರಗಳು, ಹೀಗೆ ಹತ್ತಾರು ಕಡೆ ಕಾಡಿನ ತುಣುಕುಗಳು ಉಳಿದುಕೊಂಡವು. ಕೆಲವು ಒಂದು ಎಕರೆಯೂ ಇಲ್ಲ, ಕೆಲವು ನೂರಾರು ಎಕರೆ. ಪ್ರಸ್ಥಭೂಮಿಯ ಸುತ್ತ ಆನಮಲೆ ಹುಲಿ ಮೀಸಲು, ಪರಂಬಿಕುಳಂ, ವಾಳಚ್ಚಾಲ್, ಇರವಿಕುಳಂ. ನಡುವೆ ಟೀ. ಟೀ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಈ ಕಾಡಿನ ಚೂರುಗಳು. ಹೊಳೆ ದಾಟುವವರು ಬಂಡೆಯಿಂದ ಬಂಡೆಗೆ ಕಾಲಿಡುವ ಹಾಗೆ ಆನೆಗಳು ಈ ಚೂರುಗಳ ಮೇಲೆ ಕಾಲಿಡುತ್ತ ಪ್ರಸ್ಥಭೂಮಿಯನ್ನು ದಾಟುತ್ತವೆ.

ಮೈಸೂರಿಗೂ ಈ ಬೆಟ್ಟಕ್ಕೂ ನಂಟು ಬೆಳೆದದ್ದು ಈ ಚೂರುಗಳಿಂದಲೇ. 1996ರಲ್ಲಿ ಕೆಲವು ಯುವ ಜೀವವಿಜ್ಞಾನಿಗಳು ಸೇರಿ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಅದರ ಜನ ಸ್ಪಿತಿಯ ಹಿಮಚಿರತೆ, ಅರುಣಾಚಲದ ಮಂಗಟ್ಟೆ ಹಕ್ಕಿ, ಲಕ್ಷದ್ವೀಪದ ಹವಳದ ದಿಬ್ಬಗಳ ತನಕ ಹರಡಿಕೊಂಡಿದ್ದಾರೆ. ವಾಲ್ಪಾರೈಯಲ್ಲಿ ಮಾತ್ರ ಅವರು ಬಂದು ಹೋಗುವವರಾಗಿ ಉಳಿಯಲಿಲ್ಲ, ಊರಿನವರೇ ಆದರು. ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ 2000ದ ಸುಮಾರಿಗೆ ಹಾಳಾದ ಕಾಡಿನ ತುಣುಕುಗಳಲ್ಲಿ ಸಸಿ ನೆಡುವ ಕೆಲಸಕ್ಕೆ ಇಳಿದರು. ಎಂ. ಆನಂದ ಕುಮಾರ್ 2002ರಲ್ಲಿ ಆನೆಗಳ ಬೆನ್ನು ಹತ್ತಿದರು. ಕಾಲು ಶತಮಾನದ ಹತ್ತಿರ ಒಂದೇ ಬೆಟ್ಟದಲ್ಲಿ ನಿಲ್ಲುವುದು ಸಂರಕ್ಷಣೆಯ ಲೋಕದಲ್ಲಿ ಅಪರೂಪ. ಮೂರು ವರ್ಷದ ಯೋಜನೆ, ಕೊನೆಗೊಂದು ವರದಿ, ಬೀಳ್ಕೊಡುಗೆಯ ಫೋಟೋ: ಇಷ್ಟರಲ್ಲೇ ಮುಗಿಯುವ ಕೆಲಸಗಳೇ ಹೆಚ್ಚು. ಆನೆ ಅರವತ್ತು ವರ್ಷ ಬದುಕುತ್ತದೆ, ಮಳೆಕಾಡಿನ ಮರ ಇನ್ನೂ ಹೆಚ್ಚು. ಅವುಗಳ ಲೆಕ್ಕದಲ್ಲಿ ಮೂರು ವರ್ಷ ಯಾವ ಮಹಾ?

ಸುಮಾರು ನೂರು ಆನೆಗಳು ವರ್ಷದ ಬೇರೆಬೇರೆ ಹೊತ್ತಿನಲ್ಲಿ ಈ ತೋಟಗಳ ಮೂಲಕ ಹಾದುಹೋಗುತ್ತವೆ. ಸಂಶೋಧಕರು ಹಿಂಡುಗಳನ್ನು ಬೆಂಬತ್ತಿ, ಕಿವಿಯ ಹರಕು, ಬಾಲದ ಕೂದಲು, ದಂತದ ಬಾಗು ನೋಡಿ ಒಂದೊಂದನ್ನೂ ಗುರುತಿಟ್ಟುಕೊಂಡರು. ಹಗಲು ಅವು ಕಾಡಿನ ತುಣುಕಿನಲ್ಲೋ ಹೊಳೆಯಂಚಿನ ಪೊದೆಯಲ್ಲೋ ನಿಲ್ಲುತ್ತವೆ, ಇರುಳಾದ ಮೇಲೆ ಟೀ ತೋಟಕ್ಕೆ ಇಳಿದು ದಾಟುತ್ತವೆ. ಟೀ ಎಲೆಯನ್ನು ಆನೆ ತಿನ್ನುವುದಿಲ್ಲ. ಮನೆ, ಅಂಗಡಿಗಳ ಗೋಡೆ ಒಡೆದಿರುವುದು ಹೆಚ್ಚಾಗಿ ಎಲ್ಲಿ ಎಂದು ಲೆಕ್ಕ ಹಾಕಿದಾಗ ಕಂಡದ್ದು ರೇಷನ್ ಅಂಗಡಿಗಳು ಮತ್ತು ಶಾಲೆಯ ಬಿಸಿಯೂಟದ ಕೋಣೆಗಳು. ಮೂಟೆಗಟ್ಟಲೆ ಅಕ್ಕಿ ಒಂದೇ ಕಡೆ ಪೇರಿಸಿದ್ದರೆ ಆನೆಯ ಮೂಗಿಗೆ ಗೊತ್ತಾಗದಿರುತ್ತದೆಯೇ?

ಗೋಡೆ ಮತ್ತೆ ಕಟ್ಟಬಹುದು. ಜೀವ ಹೋದರೆ ಹೋಯಿತು. 1994ರಿಂದ 2012ರವರೆಗೆ ಈ ಪ್ರಸ್ಥಭೂಮಿಯಲ್ಲಿ ಆನೆಗೆ ಸಿಕ್ಕಿ ಸತ್ತವರು ಸುಮಾರು ನಲವತ್ತು ಮಂದಿ. ಇಂಥ ಸುದ್ದಿ ಬಂದಾಗ ಎಲ್ಲ ಊರುಗಳಲ್ಲೂ ಏಳುವ ಕೂಗು ಒಂದೇ: ಹಿಡಿದು ಸಾಗಿಸಿ, ಕಂದಕ ತೋಡಿ, ವಿದ್ಯುತ್ ಬೇಲಿ ಹಾಕಿ. ಆನಂದ ಕುಮಾರ್ ಮತ್ತು ಅವರ ತಂಡ ಪ್ರತಿ ಸಾವಿನ ಹಿಂದಿನ ಕತೆಯನ್ನು ಕೆದಕಿದರು. ಯಾವ ಹೊತ್ತು? ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರು? ಆನೆ ಅಲ್ಲಿರುವುದು ಗೊತ್ತಿತ್ತೇ? ಸತ್ತವರ ಮನೆಯಂಗಳದಲ್ಲಿ ಕೂತು ಇಂಥ ಪ್ರಶ್ನೆ ಕೇಳುವುದು ಸುಲಭದ ಕೆಲಸವಲ್ಲ. ಸಿಕ್ಕ ಉತ್ತರ ಮಾತ್ರ ಸರಳವಾಗಿತ್ತು. ಬಹುತೇಕರಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಸಂಜೆ ಪೇಟೆಯಿಂದ ಮರಳಿದವರು, ಬಸ್ಸಿಳಿದು ಕತ್ತಲಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ ಕಡೆ ಹೆಜ್ಜೆ ಹಾಕಿದವರು, ತಿರುವಿನಾಚೆ ನಿಂತಿದ್ದ ಕಪ್ಪು ದೇಹವನ್ನು ಮೂರು ಮಾರು ದೂರದಲ್ಲಿ ಕಂಡವರು.

ಬೇಕಾಗಿದ್ದದ್ದು ಸುದ್ದಿ.

ಹಾಗಾಗಿ ಕೆಲಸ ಸುದ್ದಿ ಮುಟ್ಟಿಸುವುದರಿಂದ ಶುರುವಾಯಿತು. ಮೊದಲಿಗೆ ಊರಿನ ಕೇಬಲ್ ಟಿವಿಯಲ್ಲಿ, ಜನ ಸಂಜೆ ಧಾರಾವಾಹಿ ನೋಡುವ ಹೊತ್ತಿಗೆ, ಪರದೆಯ ಕೆಳಗೆ ಓಡುವ ಸಾಲು: ಇವತ್ತು ಆನೆ ಇಂಥ ಎಸ್ಟೇಟಿನ ಇಂಥ ಡಿವಿಷನ್ನಿನಲ್ಲಿದೆ. 2011ರಿಂದ ಎಸ್ಸೆಮ್ಮೆಸ್. ಆನೆಯಿಂದ ಒಂದೆರಡು ಕಿಲೋಮೀಟರ್ ಒಳಗಿರುವವರ ಮೊಬೈಲಿಗೆ ಸಂಜೆಯೊಳಗೆ ತಮಿಳು ಮತ್ತು ಇಂಗ್ಲಿಷಿನಲ್ಲಿ ಸಂದೇಶ. ಓದಲು ಬಾರದವರಿಗೆ ದನಿ ಕರೆ. ಬಸ್ಸಿನಲ್ಲಿ, ಇಳಿಯುವ ಮುಂಚೆ ಕಿವಿಗೆ ಬೀಳುವ ಹಾಗೆ, ಧ್ವನಿಮುದ್ರಿತ ಎಚ್ಚರಿಕೆ. ಸಾವುಗಳು ಹೆಚ್ಚು ನಡೆದದ್ದು ಬಸ್ಸಿಳಿದ ಮೇಲಿನ ನಡಿಗೆಯಲ್ಲಿ ಎಂದು ತಿಳಿದ ಮೇಲೆ ಎಚ್ಚರಿಕೆ ಸಿಗಬೇಕಾದ ಜಾಗವೂ ಅದೇ ಅಲ್ಲವೇ?

ಎಲ್ಲಕ್ಕಿಂತ ಹೆಚ್ಚು ಗಮನ ಸೆಳೆಯುವುದು ಕೆಂಪು ದೀಪ. ಎತ್ತರದ ಜಾಗಗಳಲ್ಲಿ, ಲೈನ್ ಮನೆಗಳಿಗೂ ರಸ್ತೆಗೂ ಕಾಣುವಂತೆ ಕಂಬ ನೆಟ್ಟು ಎಲ್‌ಇಡಿ ದೀಪ ಕೂರಿಸಿದ್ದಾರೆ. ಒಳಗೊಂದು ಸಿಮ್ ಕಾರ್ಡ್. ಆನೆ ಕಂಡವರು ತಮ್ಮ ಮೊಬೈಲಿನಿಂದಲೇ ದೀಪಕ್ಕೆ ಕರೆ ಕೊಟ್ಟರೆ ಅದು ಮಿನುಗತೊಡಗುತ್ತದೆ. ಒಂದು ಕಿಲೋಮೀಟರ್ ದೂರಕ್ಕೂ ಬೆಳಕು ಕಾಣುತ್ತದೆ. ಆರಂಭದಲ್ಲಿ ಸಂಸ್ಥೆಯವರೇ ಹೊತ್ತಿಸುತ್ತಿದ್ದ ದೀಪವನ್ನು ವರ್ಷ ಕಳೆದಂತೆ ಊರಿನವರು ತಾವೇ ಹೊತ್ತಿಸತೊಡಗಿದರು. ವಾಚರು, ಅಂಗಡಿಯವರು, ಎಲೆ ಕೀಳುವ ಹೆಂಗಸರು ಕೊಡುವ ಸುಳಿವಿನ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆಮೇಲೆ ಸಾವುಗಳು ಇಳಿದವು. ಪೂರ್ತಿ ನಿಂತಿಲ್ಲ, ಆದರೆ ಇಳಿದವು. 2015ರಲ್ಲಿ ಆನಂದ ಕುಮಾರ್ ಅವರಿಗೆ ಇದಕ್ಕಾಗಿಯೇ ಬ್ರಿಟನ್ನಿನ ವಿಟ್ಲೀ ಪ್ರಶಸ್ತಿ ಬಂತು.

ಈ ದೀಪ ಕರ್ನಾಟಕಕ್ಕೂ ಬಂದಿದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಆನೆ ಕಾಟ ಎಂಬ ಮಾತು ದಿನಬಳಕೆಯ ಮಾತಾಗಿ ದಶಕಗಳೇ ಆದವು. ಕರ್ನಾಟಕ ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಸಲಹೆಯಂತೆ 2014ರ ಹೊತ್ತಿಗೆ ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಜಾಗ ಖಾಲಿ ಉಳಿಯಲಿಲ್ಲ, ಬೇರೆ ಆನೆಗಳು ಬಂದು ಸೇರಿಕೊಂಡವು. ಅರಣ್ಯ ಇಲಾಖೆಯ ಜತೆಗೂಡಿ ಇದೇ ಸಂಸ್ಥೆ ಅಲ್ಲೂ ಎಸ್ಸೆಮ್ಮೆಸ್, ದನಿ ಕರೆ, ಕೆಂಪು ದೀಪ, ಬೆಳಗುವ ಫಲಕಗಳನ್ನು ತಂದಿತು. ವಾಲ್ಪಾರೈಯ ಪಾಠ ಅಲ್ಲಿ ಹಾಗೆಯೇ ಹೊಂದುವುದಿಲ್ಲ. ವಾಲ್ಪಾರೈಯಲ್ಲಿರುವುದು ದೊಡ್ಡ ಕಂಪನಿಗಳ ಎಸ್ಟೇಟು, ಆಲೂರಿನಲ್ಲಿ ಸಣ್ಣ ಹಿಡುವಳಿಯ ಕಾಫಿ, ಭತ್ತ, ಬಾಳೆ. ಒಂದು ರಾತ್ರಿ ಗದ್ದೆಗೆ ಹಿಂಡು ಇಳಿದರೆ ಅರ್ಧ ವರ್ಷದ ಅನ್ನ ಹೋಯಿತು. ದೀಪ ಆ ರೈತನ ಜೀವ ಉಳಿಸುತ್ತದೆ, ಗದ್ದೆಯನ್ನಲ್ಲ. ಆನೆಯ ಪರವಾಗಿ ಮಾತಾಡುವವರು ಇದನ್ನು ಮರೆತರೆ ಅವರ ಮಾತನ್ನು ಗದ್ದೆಯಂಚಿನಲ್ಲಿ ನಿಂತು ಕೇಳುವವರಿರುವುದಿಲ್ಲ. ಪರಿಹಾರದ ಹಣ ಹೊತ್ತಿಗೆ ಸರಿಯಾಗಿ ರೈತನ ಕೈಸೇರುವುದೂ ವನ್ಯಜೀವಿ ಸಂರಕ್ಷಣೆಯ ಕೆಲಸವೇ.

ವಾಲ್ಪಾರೈ ಪೇಟೆಗೆ ತಾಗಿಕೊಂಡೇ ಪುದುತೋಟ್ಟಂ ಎಂಬ ಎಸ್ಟೇಟು. ಅಲ್ಲಿನ ಸಣ್ಣ ಕಾಡಿನ ತುಣುಕಿನಲ್ಲಿ ನೂರೈವತ್ತಕ್ಕೂ ಹೆಚ್ಚು ಸಿಂಗಳೀಕಗಳಿವೆ. ಕರಿಮೈ, ಮುಖದ ಸುತ್ತ ಬೆಳ್ಳಿ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ತಮಿಳರು ಸೋಲೈ ಮಂದಿ ಎನ್ನುತ್ತಾರೆ, ಸಿಂಗವಾಲ್ ಕುರಂಗು ಎಂದೂ ಕರೆಯುತ್ತಾರೆ. ಇಡೀ ಜಗತ್ತಿನಲ್ಲಿ ಈ ಕೋತಿ ಕಾಡಿನಲ್ಲಿರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ, ಅದೂ ನಾಲ್ಕು ಸಾವಿರದ ಆಸುಪಾಸು. ಅದರ ಉತ್ತರದ ಗಡಿ ನಮ್ಮ ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರದ ಕಾಡುಗಳು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು ಅಲ್ಲೇ.

ಸಿಂಗಳೀಕದ ಬದುಕು ಮರದ ಮೇಲಿನದು. ನೆಲ ಮುಟ್ಟದೆ ಕೊಂಬೆಯಿಂದ ಕೊಂಬೆಗೆ ಸಾಗುವುದು ಅದರ ಜಾಯಮಾನ. ಪುದುತೋಟ್ಟಂನಲ್ಲಿ ಕೊಂಬೆ ಕೊಂಬೆಗೆ ತಾಗುವುದಿಲ್ಲ, ನಡುವೆ ರಸ್ತೆ. ಹಾಗಾಗಿ ಅವು ಇಳಿದು ರಸ್ತೆ ದಾಟುತ್ತವೆ, ಮನೆಯ ಹೆಂಚಿನ ಮೇಲೆ ಓಡಾಡುತ್ತವೆ, ಕಸದ ತೊಟ್ಟಿಗೆ ಕೈ ಹಾಕುತ್ತವೆ, ಕಾರಿನ ಚಕ್ರಕ್ಕೆ ಸಿಗುತ್ತವೆ. ಪ್ರವಾಸಿಗರು ಎಸೆಯುವ ಚಿಪ್ಸು, ಬಿಸ್ಕತ್ತು ಅವನ್ನು ರಸ್ತೆಗೆ ಇನ್ನಷ್ಟು ಸೆಳೆಯುತ್ತವೆ. ಪ್ರೀತಿಯಿಂದಲೇ ಎಸೆಯುತ್ತಾರೆ, ಆ ಪ್ರೀತಿ ಕೋತಿಯನ್ನು ಚಕ್ರದಡಿಗೆ ತಂದು ನಿಲ್ಲಿಸುತ್ತದೆ. ಸಂಸ್ಥೆಯವರು ರಸ್ತೆಯ ಎರಡೂ ಬದಿಯ ಮರಗಳಿಗೆ ಬೆಂಕಿ ಆರಿಸಲು ಬಳಸುವ ಹಳೆಯ ಕ್ಯಾನ್ವಾಸ್ ಪೈಪುಗಳನ್ನು ಬಿಗಿದು ತೂಗುಸೇತುವೆ ಮಾಡಿದರು. ಕೋತಿಗಳು ಕೆಲಕಾಲ ಅನುಮಾನದಿಂದ ನೋಡಿ ಆಮೇಲೆ ದಾಟಲು ಕಲಿತವು. ಸೇತುವೆಯ ಕೆಳಗೆ ನಿಂತು ವಾಹನಗಳನ್ನು ನಿಧಾನಿಸುವ, ತಿಂಡಿ ಎಸೆಯಬೇಡಿ ಎಂದು ಕೈಮುಗಿಯುವ ಕಾವಲುಗಾರರನ್ನೂ ನೇಮಿಸಿದರು. ಮಳೆಯಲ್ಲಿ ಕೊಡೆ ಹಿಡಿದು ದಿನವಿಡೀ ರಸ್ತೆಬದಿಯಲ್ಲಿ ನಿಲ್ಲುವ ಆ ಕೆಲಸ ಯಾವ ಸಂಶೋಧನಾ ಪ್ರಬಂಧಕ್ಕಿಂತಲೂ ಕಡಿಮೆಯದಲ್ಲ.

ಪೈಪಿನ ಸೇತುವೆ ತಾತ್ಕಾಲಿಕ. ಸಿಂಗಳೀಕಕ್ಕೆ ಬೇಕಾದದ್ದು ಮರ. ಅದಕ್ಕೆ ಎಷ್ಟು ತಾಳ್ಮೆ ಬೇಕು ಎಂಬುದು ಸಂಸ್ಥೆಯ ಸಸ್ಯಕ್ಷೇತ್ರಕ್ಕೆ ಹೋದರೆ ತಿಳಿಯುತ್ತದೆ. ನೆರಳುಬಲೆಯ ಕೆಳಗೆ ಸಾಲುಸಾಲು ಪಾಲಿಥೀನ್ ಚೀಲಗಳು. ಒಂದೊಂದು ಸಾಲು ಒಂದೊಂದು ಜಾತಿ. ನಾಗಸಂಪಿಗೆ, ಧೂಪ, ರಾಮಪತ್ರೆ, ಕಾಡುನೇರಳೆ, ಹಲಸು, ರುದ್ರಾಕ್ಷಿಯ ಬಂಧುಗಳು, ತಮಿಳಿನಲ್ಲಿ ವೆಡಿಪಲಾ ಎನ್ನುವ ಕುಲ್ಲೇನಿಯಾ. ಈ ವೆಡಿಪಲಾದ ಮುಳ್ಳುಕಾಯಿ ಕೊಂಬೆಗೇ ಅಂಟಿ ಬಿಡುತ್ತದೆ. ಅದರ ಹೂವೂ ಬೀಜವೂ ಸಿಂಗಳೀಕಕ್ಕೆ ಮುಖ್ಯ ಆಹಾರ. ನೂರೈವತ್ತಕ್ಕೂ ಹೆಚ್ಚು ಸ್ಥಳೀಯ ಜಾತಿಗಳನ್ನು ಇಲ್ಲಿ ಬೆಳೆಸಿದ್ದಾರೆ. ಬೀಜಕ್ಕಾಗಿ ಕಾಡನ್ನು ಬರಿದು ಮಾಡುವುದಿಲ್ಲ. ರಸ್ತೆಯ ಮೇಲೆ ಉದುರಿ ಚಕ್ರಕ್ಕೆ ಸಿಕ್ಕಿ ನಾಶವಾಗಲಿದ್ದ ಬೀಜಗಳನ್ನು ಆಯ್ದು ತರುತ್ತಾರೆ. ಮೊಳೆತು, ಚಿಗುರಿ, ಗಟ್ಟಿಯಾಗಲು ಒಂದೆರಡು ವರ್ಷ. ಮುಂಗಾರು ಹಿಡಿದ ಮೇಲೆ ಲಂಟಾನ ತುಂಬಿದ ಕಾಡಿನ ತುಣುಕಿಗೆ ಹೋಗಿ, ಕೈಯಿಂದ ಕಳೆ ಕಿತ್ತು, ತಾನಾಗಿ ಹುಟ್ಟಿದ ಸಸಿಗಳಿಗೆ ಏಟಾಗದಂತೆ ನೋಡಿಕೊಂಡು ನೆಡುತ್ತಾರೆ.

ಇದೇ ಆನಮಲೆಯ ಇನ್ನೊಂದು ಮಗ್ಗುಲು ಟಾಪ್‌ಸ್ಲಿಪ್‌ನಲ್ಲಿ, ನೂರು ವರ್ಷದ ಹಿಂದೆ, ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿ ಇದ್ದ. ಜೇಬಿನಲ್ಲಿ ತೇಗದ ಬೀಜ ತುಂಬಿಕೊಂಡು, ಊರುಗೋಲಿನಿಂದ ನೆಲ ಚುಚ್ಚಿ ಬೀಜ ಹಾಕುತ್ತ ನಡೆಯುತ್ತಿದ್ದನೆಂದು ಅಲ್ಲಿನ ಜನ ಇವತ್ತಿಗೂ ಹೇಳುತ್ತಾರೆ. 1933ರಲ್ಲಿ ಸತ್ತ ಅವನ ಸಮಾಧಿ ತೇಗದ ಮರಗಳ ನಡುವೆಯೇ ಇದೆ. ಅವನ ನಿಷ್ಠೆಗೆ ತಲೆಬಾಗಲೇಬೇಕು. ಆದರೆ ತೇಗದ ನೆಡುತೋಪಿಗೂ ಮಳೆಕಾಡಿಗೂ ಅಜಗಜಾಂತರ. ವನಮಹೋತ್ಸವದ ದಿನ ಒಂದೇ ಜಾತಿಯ ಸಾವಿರ ಸಸಿ ನೆಟ್ಟು ಕಾಡು ಬೆಳೆಸಿದೆವು ಎನ್ನುವವರು ಒಮ್ಮೆ ವಾಲ್ಪಾರೈಯ ಸಸ್ಯಕ್ಷೇತ್ರಕ್ಕೆ ಬಂದು ನೋಡಬೇಕು.

ವಾಲ್ಪಾರೈಯಲ್ಲಿ ನೆಟ್ಟದ್ದು ಕಾಡಾಯಿತೇ? ಏಳರಿಂದ ಹದಿನೈದು ವರ್ಷ ಕಳೆದ ಜಾಗಗಳನ್ನು, ತಾನಾಗಿ ಚೇತರಿಸಿಕೊಳ್ಳಲೆಂದು ಬಿಟ್ಟ ಜಾಗಗಳ ಜತೆ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನೆಟ್ಟ ಕಡೆ ಮರಗಳ ಜಾತಿ ಹೆಚ್ಚು, ನೆರಳು ದಟ್ಟ, ಹಿಡಿದಿಟ್ಟ ಇಂಗಾಲವೂ ಹೆಚ್ಚು. ಹಳೆಯ ಕಾಡಿನ ಮಟ್ಟ ಮಾತ್ರ ಇನ್ನೂ ದೂರ. ಸುಮಾರು ನೂರು ಹೆಕ್ಟೇರಿನಲ್ಲಿ ಇಂಥ ಕೆಲಸ ನಡೆದಿದೆ. ಒಂದು ಕಾಲಕ್ಕೆ ಸಾವಿರಾರು ಹೆಕ್ಟೇರು ಕಡಿದ ಪ್ರಸ್ಥಭೂಮಿಯಲ್ಲಿ ನೂರು ಹೆಕ್ಟೇರು ಬಹಳ ಚಿಕ್ಕದು. ಆ ತುಣುಕುಗಳು ಬಹುಪಾಲು ಎಸ್ಟೇಟುಗಳ ಒಡೆತನದಲ್ಲಿವೆ ಎಂಬುದನ್ನೂ ಮರೆಯಬಾರದು. ಕಂಪನಿಗಳ ಮನವೊಲಿಸಿ, ಒಪ್ಪಂದ ಮಾಡಿಕೊಂಡು, ಮ್ಯಾನೇಜರು ಬದಲಾದಾಗ ಮತ್ತೆ ಮೊದಲಿನಿಂದ ವಿವರಿಸಿ ಈ ಮರಗಳನ್ನು ಉಳಿಸಿಕೊಳ್ಳಬೇಕು.

ಬೆಟ್ಟವೂ ಬದಲಾಗುತ್ತಿದೆ. ತಮಿಳು ಕಾರ್ಮಿಕರ ಮಕ್ಕಳು ಓದಿ ತಿರುಪ್ಪೂರು, ಕೊಯಮತ್ತೂರುಗಳಿಗೆ ಇಳಿದರು. ಅವರ ಲೈನ್ ಮನೆಗಳಿಗೆ ಈಗ ಅಸ್ಸಾಂ, ಜಾರ್ಖಂಡ್‌ನಿಂದ ಸಂಸಾರಗಳು ಬಂದಿವೆ. ಯಾವ ಹೊಳೆಯಂಚಿನಲ್ಲಿ ಆನೆ ನಿಲ್ಲುತ್ತದೆ, ಚಿರತೆ ಯಾವ ಹೊತ್ತಿನಲ್ಲಿ ಮನೆಯ ಹಿತ್ತಲಿಗೆ ಬರುತ್ತದೆ ಎಂಬ ತಿಳಿವಳಿಕೆ ಹಳಬರಿಗೆ ಅಜ್ಜಿಯರಿಂದ ಬಂದಿತ್ತು. ಹೊಸಬರಿಗೆ ತಮಿಳೇ ಬಾರದು. ಮಕ್ಕಳು ಚಿರತೆಗೆ ಬಲಿಯಾದ ದುರಂತಗಳನ್ನು ಈ ತೋಟಗಳು ಕಂಡಿವೆ. ಆ ತಾಯಂದಿರ ಮುಂದೆ ಸಹಬಾಳ್ವೆ ಎಂಬ ಪದವನ್ನು ಉಚ್ಚರಿಸಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅವರ ಮನೆಯ ಮುಂದೆ ಬೀದಿದೀಪ ಬೇಕು, ಹತ್ತಿರದಲ್ಲೇ ಶೌಚಾಲಯ ಬೇಕು, ಅವರ ಭಾಷೆಯಲ್ಲಿ ಎಚ್ಚರಿಕೆ ಬೇಕು.

ಸಂಜೆ ನಾಲ್ಕೂವರೆಗೆ ಎಲೆ ತೂಗುವ ಕೆಲಸ ಮುಗಿಯುತ್ತದೆ. ಆರಕ್ಕೆ ಮಂಜು ಇಳಿಯುತ್ತದೆ. ಪೇಟೆಯಿಂದ ಹೊರಡುವ ಬಸ್ಸುಗಳಲ್ಲಿ ತರಕಾರಿ ಚೀಲ, ಔಷಧಿ, ಶಾಲೆಯ ಮಕ್ಕಳು. ಯಾವುದೋ ತಿರುವಿನಲ್ಲಿ ದಿಣ್ಣೆಯ ಮೇಲಿನ ಕೆಂಪು ಚುಕ್ಕಿ ಮಿನುಗುವುದು ಕಂಡರೆ ಬಸ್ಸಿನ ಮಾತು ತಗ್ಗುತ್ತದೆ. ಕೆಲವರು ಇಳಿಯದೆ ಮುಂದಿನ ಸ್ಟಾಪಿನ ನೆಂಟರ ಮನೆಗೆ ಹೋಗುತ್ತಾರೆ, ಕೆಲವರು ಫೋನ್ ಮಾಡಿ ಮನೆಯವರನ್ನು ಟಾರ್ಚು ಹಿಡಿದು ಬರಲು ಹೇಳುತ್ತಾರೆ. ದೀಪ ಹೊತ್ತಿಸುವಷ್ಟೇ ಮುಖ್ಯವಾದ ಕೆಲಸ ಅದನ್ನು ಆರಿಸುವುದು. ಆನೆ ಹೋದ ಮೇಲೂ ಉರಿಯುತ್ತಿದ್ದರೆ ನಾಲ್ಕು ದಿನದಲ್ಲಿ ಜನ ಅದನ್ನು ನಂಬುವುದು ಬಿಡುತ್ತಾರೆ. ಹಾಗಾಗಿ ಹಿಂಡು ಹೊಳೆ ದಾಟಿ ಆಚೆಯ ಕಾಡು ಸೇರಿತೆಂದು ಖಚಿತವಾದ ಮೇಲೆ, ಎಷ್ಟೇ ಹೊತ್ತಾಗಿರಲಿ, ಯಾವುದೋ ಲೈನ್ ಮನೆಯಲ್ಲಿ ಯಾರೋ ಎದ್ದು ಮತ್ತೊಮ್ಮೆ ಆ ನಂಬರಿಗೆ ಕರೆ ಮಾಡುತ್ತಾರೆ.